ಚಾರ್ಮಾಡಿ ಘಟ್ಟದ ಹೂವುಗಳೂ ವನ್ಯಜೀವಿಗಳೂ: ಗುಡ್ಡದ ಬೆಂಕಿಯಿಂದ ತೋಟಗದ್ದೆಗಳಿಗೆ ಆಗುವ ನಷ್ಟ

ಮಲೆನಾಡಿನಿಂದ ಕರಾವಳಿಗೆ ಇಳಿಯುವ ಘಟ್ಟದ ಮಾರ್ಗಗಳಲ್ಲಿ ಚಾರ್ಮಾಡಿಯು ಹೆಸರಾದುದು. ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದಲ್ಲಿ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿರುವ ರಸ್ತೆಯು, ಇಪ್ಪತ್ತು ಕಿಲೋಮೀಟರಿಗೆ ಸ್ವಲ್ಪ ಮಿಕ್ಕ ದೂರದೊಳಗೆ ಅನೇಕ ಕಡಿದಾದ ತಿರುವುಗಳನ್ನು ಸುತ್ತಿ, ಬೆಳ್ತಂಗಡಿ ತಾಲ್ಲೂಕಿನ ಚಾರ್ಮಾಡಿ ಗ್ರಾಮದ ಬಳಿ ಅಡಕೆ ತೋಟಗಳ ಮಟ್ಟಕ್ಕೆ ಇಳಿಯುವುದು. ಮಾರ್ಗದ ಇಕ್ಕೆಲಗಳ ಬೆಟ್ಟಗಳು ಇನ್ನೂ ಎತ್ತರವಾದುವು. ಉತ್ತರದ ಬಲ್ಲಾಳರಾಯನದುರ್ಗದ ಸಾಲು 4,000 ಅಡಿಯನ್ನು ಮೀರಿದೆ. ಮಳೆಗಾಲದಲ್ಲಿ ಇಲ್ಲಿಗೆ ಬರುವ ಪ್ರಯಾಣಿಕರು ಮಂಜನ್ನೂ ಜಲಪಾತಗಳನ್ನೂ ನೋಡಿ ಸಂತೋಷಪಟ್ಟು ಹೋಗುವರು. ಸುತ್ತಣ ಗ್ರಾಮಗಳ ಒಕ್ಕಲಿಗರಿಗಾದರೋ ಆ ಬೆಟ್ಟಗಳು ಬೋಳುಗುಡ್ಡಗಳು. ಕಂದಾಯದ ದಾಖಲೆಯಲ್ಲಿ ಇಂಥ ನೆಲದ ಬಹುಭಾಗಕ್ಕೆ ಖರಾಬೆಂದೇ ಹೆಸರು. ಖರಾಬೆಂಬ ಈ ಒಂದು ಮಾತಿನಿಂದ ಎಷ್ಟು ಹಾನಿಯಾಗಿದೆಯೆಂಬುದನ್ನು ಗ್ರಾಮಗಳ ಮುಖಂಡರೂ ಭೂಮಾಲಿಕರೂ ಸಾವಧಾನವಾಗಿ ಆಲೋಚಿಸತಕ್ಕದ್ದಾಗಿದೆ.

ಮೊದಲು ನೀರಿನ ವಿಚಾರ. ಈ ಸಾಲಿನ ನೆತ್ತಿಯ ಮೇಲೆ ಬಿದ್ದ ಮಳೆಯು ಎರಡು ಪಾಲಾಗುತ್ತದೆ. ಮೂಡಣದ ಪಾಲು ಹೇಮಾವತಿಗೆ. ಆ ನದಿಯು ಬಲ್ಲಾಳರಾಯನದುರ್ಗದ ಸಮೀಪದಲ್ಲಿ ಹುಟ್ಟಿ ಹಾಸನದ ಸೀಮೆಯನ್ನು ಹಾದು ಕಾವೇರಿಯನ್ನು ಕೂಡಿಕೊಂಡು ಬಂಗಾಳಕೊಲ್ಲಿಯ ಕಡೆಗೆ ಸಾಗುವುದು. ಪಡುವಣದ ಪಾಲು ಮೃತ್ಯುಂಜಯ ಹೊಳೆ ಮೊದಲಾದುವುಗಳ ಮೂಲಕ ನೇತ್ರಾವತಿಯನ್ನು ಸೇರಿ, ಮಂಗಳೂರಿನ ಬಳಿ ಕಡಲಿಗೆ ಬೀಳುವುದು. ಒಂದು ಎಕರೆ ನೆಲದ ಮೇಲೆ ಒಂದು ಅಂಗುಲ ಮಳೆಯಾದರೆ ಬಿದ್ದ ನೀರು ಸುಮಾರು ಒಂದು ಲಕ್ಷ ಲೀಟರು. ಘಟ್ಟದ ನೆತ್ತಿಯಲ್ಲಿ ಒಂದೇ ದಿನದಲ್ಲಿ ಅನೇಕ ಅಂಗುಲ ಮಳೆಯಾಗುವುದು ಅಪರೂಪವಲ್ಲ. ಆದುದರಿಂದ ನೀರು ಬೀಳುವುದೇ ಮುಖ್ಯವಲ್ಲ. ಬಿದ್ದ ನೀರಿನಲ್ಲಿ ಎಷ್ಟು ಭಾಗವು ಅಂದೇ ಹರಿದುಹೋಗುವುದು, ಎಷ್ಟು ಭಾಗವು ಬೆಟ್ಟದ ಒಡಲಿನಲ್ಲಿ ಇಂಗಿ ಮಾಘ ಫಾಲ್ಗುಣಗಳಲ್ಲಿ ಒರತೆಯಾಗಿ ಹೊರಡುವುದು ಎಂಬುದೇ ಮುಖ್ಯ. ಘಟ್ಟದ ಕೆಳಗೆ ಅಡಕೆಯವರು ಮಳೆ ನಿಂತ ಮೇಲೆ ತೋಡುಗಳಿಗೆ ಕಟ್ಟ ಕಟ್ಟುವರಷ್ಟೆ. ಆ ಕಟ್ಟದಲ್ಲಿ ಯುಗಾದಿಯವರೆಗೆ ನೀರು ನಿಲ್ಲುವುದೋ ಶಿವರಾತ್ರಿಗೇ ಬತ್ತುವುದೋ ಎಂಬುದು ಬಹುಮಟ್ಟಿಗೆ ಮೇಲಿನ ಗುಡ್ಡದ ಸ್ಥಿತಿಯನ್ನು ಅವಲಂಬಿಸಿರುವುದು.

ಗುಡ್ಡದ ರಚನೆಯನ್ನು ನೋಡಿದರೆ ಇದು ತಾನಾಗಿಯೇ ತಿಳಿಯುವುದು. ಬೆನ್ನು ಭಾಗವೆಲ್ಲ ಹುಲ್ಲು. ಎರಡು ಗುಡ್ಡಗಳ ನಡುವಣ ಮಡಿಕೆಗಳಲ್ಲಿ ಮಾತ್ರ ದಟ್ಟವಾದ ಕಾನು. ಶೋಲಾ ಎಂದು ಗ್ರಂಥಗಳಲ್ಲಿ ಹೇಳುವುದು ಈ ಬಗೆಯ ಕಾಡನ್ನೇ. ಹುಲ್ಲಿನ ಒತ್ತಾದ ಬೇರುಗಳು ಮಳೆಯ ಪೆಟ್ಟನ್ನು ತಾಳಿಕೊಂಡು ನೀರನ್ನು ಮೆಲ್ಲನೆ ಒಳಕ್ಕೆ ಬಿಡುವುವು. ಕಾನಿನೊಳಗಿನ ತರಗು ಕೊಳೆತು ಆದ ಕಪ್ಪುಮಣ್ಣು ಅದನ್ನು ಹೀರಿಕೊಂಡು ತಡೆದಿಡುವುದು. ಇವೆರಡೂ ಒಂದಕ್ಕೊಂದು ಜೊತೆ. ಹುಲ್ಲುಬೆಟ್ಟವೆಂದರೆ ಕಾಡು ಹಾಳಾದ ಜಾಗವೆಂದು ಬಗೆದು ಅಲ್ಲಿ ನೀಲಗಿರಿಯನ್ನೋ ಅಕೇಶಿಯವನ್ನೋ ನೆಡಬೇಕೆನ್ನುವವರು ಈಗಲೂ ಉಂಟು. ಉದಕಮಂಡಲದ ಸೀಮೆಯಲ್ಲಿ ಹೀಗೆಯೇ ನೀಲಗಿರಿಯನ್ನೂ ವ್ಯಾಟಲನ್ನೂ ನೆಟ್ಟು, ವ್ಯಾಟಲು ಹಬ್ಬಿಕೊಂಡು ಹುಲ್ಲನ್ನೇ ನುಂಗಿತು. ಗಾಳಿ ಬೀಸುವ ತೆಳುಮಣ್ಣಿನ ಬೆನ್ನಿಗೆ ಹುಲ್ಲೇ ಸಹಜವಾದ ಹೊದಿಕೆ, ಅದು ಕೊರತೆಯಲ್ಲ.

ಈ ಹುಲ್ಲಿನ ನಡುವೆ ಏಳುವ ಹೂವುಗಳು ಮಳೆಯ ನಕ್ಷತ್ರಗಳನ್ನು ಅನುಸರಿಸಿ ಬರುವುವು. ರೋಹಿಣಿ ಮೃಗಶಿರೆಗಳ ಹೊತ್ತಿಗೆ ಕಾನಿನ ಅಂಚಿನ ಮರಗಳ ಮೇಲೆ ಸೀತಾಳೆದಂಡೆಯು ಬಿಳಿ ಕೆನ್ನೀಲಿ ಬೆರೆತ ಗೊನೆಗಳನ್ನು ಇಳಿಬಿಡುವುದು. ಇದು ಮರದ ಮೇಲೆ ನೆಲೆಸಿದರೂ ಬಂದಳಿಕೆಯಂತೆ ಮರದ ರಸವನ್ನು ಹೀರುವುದಿಲ್ಲ. ತೊಗಟೆಯ ಮೇಲಿನ ತೇವದಿಂದಲೂ ಗಾಳಿಯಿಂದಲೂ ಜೀವಿಸುವುದು. ತೋಟದ ನೆರಳುಮರಗಳಿಂದ ಇದನ್ನು ಬಂದಳಿಕೆಯೆಂದು ತಿಳಿದು ಕಿತ್ತೆಸೆಯುವ ಪದ್ಧತಿಯು ತಪ್ಪು. ಪುಷ್ಯ ಆಶ್ಲೇಷಗಳಲ್ಲಿ, ಮಳೆ ಬಿರುಸಾಗಿರುವಾಗಲೇ, ರಸ್ತೆಯ ಬದಿಯ ಜಿನುಗುವ ಬಂಡೆಗಳ ಮೇಲೆ ಕರ್ಣಕುಂಡಲದ ಕಾಡುಜಾತಿಗಳು ನಸುಗೆಂಪು ಹೂಗಳನ್ನು ತಳೆಯುವುವು. ಇವುಗಳ ಹೂವಿನ ಹಿಂದೆ ಬಾಗಿದ ಕೊಳವೆಯಿದ್ದು ಅದರ ತುದಿಯಲ್ಲಿ ಮಧುವಿರುವುದು. ಬಲಿತ ಕಾಯಿಯನ್ನು ಮುಟ್ಟಿದೊಡನೆ ಸಿಡಿದು ಬೀಜವು ದೂರಕ್ಕೆ ಚಿಮ್ಮುವುದು. ಪಶ್ಚಿಮಘಟ್ಟವನ್ನು ಬಿಟ್ಟರೆ ಪ್ರಪಂಚದ ಬೇರೆಲ್ಲಿಯೂ ಬೆಳೆಯದ ಜಾತಿಗಳು ಇವುಗಳಲ್ಲಿ ಹಲವಿವೆ. ಮಖೆ ಹುಬ್ಬೆಗಳಲ್ಲಿ, ಗೌರಿಹಬ್ಬದ ಸುಮಾರಿಗೆ, ಬೇಲಿಗಳನ್ನೂ ಪೊದೆಗಳನ್ನೂ ಅಡರಿದ ಅಗ್ನಿಶಿಖೆಯು ಕೆಂಪು ಹಳದಿಯ ಸುರುಳಿ ಎಸಳುಗಳಿಂದ ಕಾಣಿಸಿಕೊಳ್ಳುವುದು. ಇದರ ಗೆಡ್ಡೆಯು ಘೋರವಾದ ವಿಷವಾದುದರಿಂದ ಮಕ್ಕಳೂ ದನಗಳೂ ಮುಟ್ಟದಂತೆ ನೋಡಿಕೊಳ್ಳುವುದು ಒಳ್ಳೆಯದು. ನೆಕ್ಕರಿಕದ ನೇರಿಳೆ ಬಣ್ಣದ ಹೂವನ್ನೂ, ತಿಂದರೆ ನಾಲಗೆಯನ್ನು ಕಪ್ಪಾಗಿಸುವ ಅದರ ಹಣ್ಣನ್ನೂ ಅರಿಯದ ದನಗಾಹಿ ಹುಡುಗನೇ ಇರಲಾರನು.

ವ್ಯವಸಾಯಗಾರನು ವಿಶೇಷವಾಗಿ ಗಮನಿಸಬೇಕಾದುವು ಮಾತ್ರ ಇವುಗಳಲ್ಲಿ ಎಲ್ಲಕ್ಕಿಂತ ಸಣ್ಣವು. ಬಂಡೆಯ ಮೇಲಿನ ತೆಳುಮಣ್ಣು ನೀರಿನಿಂದ ನೆನೆದಿರುವ ಕಡೆ, ಗೇಣುದ್ದವೂ ಇಲ್ಲದ ಕಡ್ಡಿಯ ತುದಿಯಲ್ಲಿ ನೀಲಿಯ ಪುಟ್ಟ ಹೂವನ್ನು ಬಿಡುವ ಗಿಡವೊಂದುಂಟು. ಶಾಸ್ತ್ರದಲ್ಲಿ ಅದಕ್ಕೆ ಯುಟ್ರಿಕ್ಯುಲೇರಿಯವೆಂದು ಹೆಸರು. ಅದರ ಬುಡದಲ್ಲಿ ಸಾಸಿವೆಗಿಂತಲೂ ಚಿಕ್ಕದಾದ ಚೀಲಗಳಿರುವುವು. ನೀರಿನಲ್ಲಿ ಚಲಿಸುವ ಕಣ್ಣಿಗೆ ಕಾಣದಂಥ ಕ್ರಿಮಿಯು ಚೀಲದ ಬಾಯನ್ನು ತಗುಲಿದೊಡನೆ ಅದು ತೆರೆದು, ನೀರಿನೊಂದಿಗೆ ಕ್ರಿಮಿಯನ್ನು ಒಳಕ್ಕೆ ಸೆಳೆದುಕೊಂಡು ಮುಚ್ಚಿಕೊಳ್ಳುವುದು. ಅದರ ನೆರೆಯಲ್ಲಿಯೇ ಡ್ರಾಸೆರ ಎಂಬ ಇನ್ನೊಂದು ಗಿಡವು ಎಲೆಯ ರೋಮಗಳ ಮೇಲೆ ಇಬ್ಬನಿಯಂತೆ ಹೊಳೆಯುವ ಅಂಟನ್ನು ಸುರಿಸಿ ನೊಣಗಳನ್ನು ಹಿಡಿಯುವುದು. ಗಿಡವು ಬೇಟೆಗಾರನಾದುದೇಕೆ? ಮಣ್ಣಿನಲ್ಲಿ ಸಾರಜನಕವು ಸಾಲದೆ ಹೋದುದರಿಂದ. ವರ್ಷ ವರ್ಷವೂ ಸುರಿಯುವ ಮಳೆಯು ಕರಗತಕ್ಕ ಸಾರವನ್ನೆಲ್ಲ ತೊಳೆದುಕೊಂಡು ಹೋಗುವುದರಿಂದ, ಬೇರಿಗೆ ಸಿಗದ ಆಹಾರವನ್ನು ಈ ಗಿಡಗಳು ಕ್ರಿಮಿಗಳ ದೇಹದಿಂದ ಪಡೆಯುತ್ತಿವೆ. ಪ್ರಯೋಗಶಾಲೆಗೆ ಮಣ್ಣನ್ನು ಕಳುಹಿಸದೆಯೇ ಮಣ್ಣಿನ ಗುಣವನ್ನು ತಿಳಿಸುವ ಸಾಕ್ಷಿಗಳು ಇವು. ಇಂಥ ಗಿಡಗಳು ಕಂಡ ನೆಲವನ್ನು ಅಗೆದು ಸಾಗುವಳಿಗೆ ತರಲು ಹಣವನ್ನು ಸುರಿಯುವವನು ಎರಡು ವರ್ಷ ಬೆಳೆಯನ್ನು ಕಂಡಾನು. ಮೂರನೆಯ ವರ್ಷಕ್ಕೆ ಅವನಿಗೆ ಉಳಿಯುವುದು ಜಂಬುಮಣ್ಣಿನ ಕಲ್ಲು.

ಘಟ್ಟದ ಹೂವುಗಳಲ್ಲಿ ಜನರನ್ನು ಬಹಳವಾಗಿ ಆಕರ್ಷಿಸುವುದು ಗುರಿಗೆ. ಕುರಿಂಜಿಯೆಂದೂ ಇದನ್ನು ಕರೆಯುವರು. ಈ ಕುಲದ ಹಲವು ಜಾತಿಗಳು ಪಶ್ಚಿಮಘಟ್ಟದ ಉದ್ದಕ್ಕೂ ಇವೆ. ಕೆಲವು ವರ್ಷವರ್ಷವೂ ಹೂ ಬಿಡುವುವು. ಕೆಲವು ಏಳು ವರ್ಷಕ್ಕೊಮ್ಮೆ, ಕೆಲವು ಹನ್ನೆರಡು ವರ್ಷಕ್ಕೊಮ್ಮೆ ಮಾತ್ರ. ಮುನ್ನಾರಿನ ಬೆಟ್ಟಗಳಲ್ಲಿ ಹನ್ನೆರಡು ವರ್ಷದ ಜಾತಿಯು 2006ರಲ್ಲಿಯೂ 2018ರಲ್ಲಿಯೂ ಅರಳಿತು. ಕೊಡಗಿನ ಮಾಂದಲಪಟ್ಟಿಯ ಕಡೆ 2021ರಲ್ಲಿಯೂ, ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ 2022ರಲ್ಲಿಯೂ ಗುಡ್ಡಕ್ಕೆ ಗುಡ್ಡವೇ ನೀಲಿಯಾದುದನ್ನು ನೋಡಲು ಜನರು ಗುಂಪುಗುಂಪಾಗಿ ಹೋದರು. ಹೀಗೆ ಹೋದವರು ಗಿಡಗಳನ್ನು ತುಳಿದುದೂ ಕೊಂಬೆಗಳನ್ನು ಮುರಿದು ತಂದುದೂ ಉಂಟು. ಹಲವು ವರ್ಷ ಕಾದು ಒಮ್ಮೆ ಹೂವಾಗುವ ಗುರಿಗೆಯು ಬೀಜವನ್ನು ಕೊಟ್ಟು ಸಾಯುವುದು. ಬಾಳೆಯು ಒಮ್ಮೆ ಗೊನೆ ಹಾಕಿ ಮುಗಿದಂತೆಯೇ ಇದೂ. ಆದರೆ ಬಾಳೆಗೆ ಬುಡದಲ್ಲಿ ಕಂದು ಉಳಿಯುವುದು, ಗುರಿಗೆಗೆ ಉಳಿಯುವುದು ಬೀಜ ಮಾತ್ರ. ಆ ಬೀಜವು ನೆಲಕ್ಕೆ ಬಿದ್ದ ವರ್ಷದಲ್ಲಿ ಕಾಡುಕೋಳಿಗಳಿಗೆ ಸುಗ್ಗಿ.

ಗುರಿಗೆ ಅರಳಿದಾಗ ಜೇನು ಹೆಚ್ಚುವುದೆಂಬುದು ಮಲೆನಾಡಿಗರಿಗೆ ತಿಳಿದ ಸಂಗತಿ. ಜೇನಿನ ವಿಚಾರವೇ ತೋಟಗಾರರಿಗೆ ಎಲ್ಲಕ್ಕಿಂತ ಹತ್ತಿರದ್ದು. ಅರೇಬಿಕಾ ಕಾಫಿಯು ತನ್ನ ಪರಾಗದಿಂದ ತಾನೇ ಕಾಯಿ ಕಟ್ಟಬಲ್ಲದು, ರೋಬಸ್ಟಾ ಹಾಗಲ್ಲ. ಒಂದು ಗಿಡದ ಪರಾಗವು ಬೇರೆ ಗಿಡದ ಹೂವಿಗೆ ತಲುಪಿದ ಹೊರತು ಅದು ಫಲಿಸದು. ಹೂಮಳೆಯಾದ ಕೆಲವು ದಿನಗಳಲ್ಲಿ ತೋಟವೆಲ್ಲ ಒಟ್ಟಿಗೆ ಅರಳಿ, ಎರಡು ಮೂರು ದಿನಗಳಲ್ಲಿ ಹೂವು ಬಾಡುವುದು. ಅಷ್ಟರೊಳಗೆ ಗಾಳಿಯೂ ಜೇನುಹುಳುಗಳೂ, ಅವುಗಳಲ್ಲಿಯೂ ಮುಖ್ಯವಾಗಿ ಹೆಜ್ಜೇನು ತುಡುವೆಗಳು, ಕೆಲಸವನ್ನು ಮುಗಿಸಬೇಕು. ಏಲಕ್ಕಿಯ ಹೂವಾದರೋ ಬೆಳಗ್ಗೆ ಅರಳಿ ಸಂಜೆಗೆ ಮುಗಿಯುವುದು. ಜೇನು ಮುಟ್ಟದಿದ್ದರೆ ಕಾಯಿ ಕಟ್ಟುವುದು ಬಹಳ ಕಡಮೆ. ಹಾಗಾದರೆ ಕಾಫಿಯ ಎರಡು ಮೂರು ದಿನಗಳ ಹೂವು ಮುಗಿದ ಮೇಲೆ ಉಳಿದ ತಿಂಗಳುಗಳಲ್ಲಿ ಈ ಹುಳುಗಳು ಏನನ್ನು ತಿಂದು ಬದುಕಬೇಕು? ಕಾನಿನ ನೇರಳೆ ಮೊದಲಾದ ಮರಗಳು, ಹುಲ್ಲಿನ ನಡುವಣ ಹೂಗಳು, ಗುರಿಗೆ, ಬೇಲಿಯ ಪೊದೆಗಳು ಇವುಗಳೇ ಅವುಗಳಿಗೆ ಕಣಜ. ತೋಟದ ಕೂಲಿಯಾಳುಗಳಿಗೆ ವರ್ಷದಲ್ಲಿ ಮೂರು ದಿನ ಮಾತ್ರ ಊಟ ಹಾಕಿ, ಉಳಿದ ದಿನ ಅವರ ಒಲೆಗೆ ನೀರೆರೆದು, ಮುಂದಿನ ವರ್ಷ ಕೆಲಸಕ್ಕೆ ಬರಲಿಲ್ಲವೆಂದು ದೂರುವ ಯಜಮಾನನನ್ನು ಯಾರೂ ಬುದ್ಧಿವಂತನೆನ್ನರು.

ಇನ್ನು ಪ್ರಾಣಿಗಳು. ಕಾನಿನ ಮರದ ತುದಿಗಳಲ್ಲಿ ಸಿಂಗಳೀಕವಿದೆ. ಮುಖದ ಸುತ್ತ ಬೂದುಬಣ್ಣದ ಕೇಸರವೂ ಕಪ್ಪು ಮೈಯೂ ಉಳ್ಳ ಈ ಕೋತಿಯು ಪಶ್ಚಿಮಘಟ್ಟದಲ್ಲಿ ಮಾತ್ರವೇ ಇರತಕ್ಕದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಯಲ್ಲಿ ಇದರ ಹೆಸರಿದೆ. ಇದು ನೆಲಕ್ಕಿಳಿಯುವುದು ಅಪೂರ್ವ. ಮರದಿಂದ ಮರಕ್ಕೆ ಕೊಂಬೆ ಕೂಡಿಕೊಂಡಿದ್ದರೆ ಮಾತ್ರ ಇದಕ್ಕೆ ದಾರಿ. ಕಾನಿನ ನಡುವೆ ಅಗಲವಾದ ಬಯಲಾದರೆ ಇದರ ಪಾಲಿಗೆ ಅದು ಸಮುದ್ರವಿದ್ದಂತೆ. ಕೆಂದಳಿಲಿಗೂ ಅದೇ ಕಷ್ಟ. ರಸ್ತೆಯಲ್ಲಿ ವಾಹನ ನಿಲ್ಲಿಸಿ ಕೋತಿಗಳಿಗೆ ಬಾಳೆಹಣ್ಣು ಬಿಸ್ಕತ್ತುಗಳನ್ನು ಎಸೆಯುವ ಪ್ರಯಾಣಿಕರು ಪುಣ್ಯವೆಂದು ತಿಳಿದಿರಬಹುದು. ಹೀಗೆ ರುಚಿ ಹತ್ತಿದ ಕೋತಿಗಳು ಆಮೇಲೆ ನುಗ್ಗುವುದು ಪಕ್ಕದ ಹಳ್ಳಿಯ ತೋಟಕ್ಕೆ.

ಕಾನಿನ ಮರಗಳನ್ನು ಬಿತ್ತುವ ಕೆಲಸವು ಮಂಗಟ್ಟೆಯದು. ದೊಡ್ಡ ಮಂಗಟ್ಟೆಯ ಹೆಣ್ಣು ಹಳೆಯ ಮರದ ಪೊಟರೆಯೊಳಗೆ ಕುಳಿತು, ಬಾಯನ್ನು ತನ್ನ ಹಿಕ್ಕೆ ಮೊದಲಾದುವುಗಳಿಂದ ಮೆತ್ತಿ, ಕೊಕ್ಕು ತೂರುವಷ್ಟು ಸಂದನ್ನು ಮಾತ್ರ ಉಳಿಸಿಕೊಳ್ಳುವುದು. ಗಂಡು ತಿಂಗಳುಗಟ್ಟಲೆ ಹಣ್ಣುಗಳನ್ನು ತಂದು ಆ ಸಂದಿನಿಂದ ಉಣಿಸುವುದು. ಗಂಡಿಗೆ ಅಪಾಯವಾದರೆ ಒಳಗಿನ ಸಂಸಾರವೆಲ್ಲ ಕಷ್ಟಕ್ಕೆ ಸಿಲುಕುವುದು. ನುಂಗಿದ ಹಣ್ಣಿನ ಬೀಜಗಳನ್ನು ಅದು ಮೈಲಿಗಟ್ಟಲೆ ದೂರಕ್ಕೆ ಕೊಂಡೊಯ್ದು ಚೆಲ್ಲುವುದು. ಇದು ಗೂಡು ಕಟ್ಟುವ ಕಾಲವೂ ಗುಡ್ಡಕ್ಕೆ ಬೆಂಕಿ ಬೀಳುವ ಕಾಲವೂ ಒಂದೇ. ಹುಲ್ಲಿನಲ್ಲಿಯೇ ನೆಲದ ಮೇಲೆ ಮೊಟ್ಟೆಯಿಡುವ ನೆಲಗುಬ್ಬಿ ಲಾವುಗೆಗಳ ಪಾಡನ್ನು ಹೇಳಬೇಕಾದುದೇ ಇಲ್ಲ.

ಮಳೆಗಾಲದ ನಸುಕಿನಲ್ಲಿ ತೊರೆಯ ಬದಿಯಿಂದ ಯಾರೋ ಹುಡುಗನು ರಾಗ ಗೊತ್ತಿಲ್ಲದೆ ಸಿಳ್ಳು ಹಾಕುವಂತೆ ಕೇಳಿಸಿದರೆ ಅದು ಸಿಳ್ಳಾರವೆಂಬ ಹಕ್ಕಿ. ಅದೇ ತೊರೆಯ ಮೇಲೆ ಬಾಗಿದ ಎಲೆಗಳಲ್ಲಿ ಹಾರುಗಪ್ಪೆಯು ನೊರೆಯ ಗೂಡು ಕಟ್ಟಿ ಮೊಟ್ಟೆಯಿಡುವುದು. ಗೊದಮೊಟ್ಟೆಗಳು ಬೆಳೆದು ಕೆಳಗಿನ ನೀರಿಗೆ ಉದುರುವುವು. ಕಪ್ಪೆಗಳು ಗದ್ದೆಯ ಕೀಟಗಳನ್ನೂ, ಕೇರೆಹಾವು ಗೂಬೆಗಳು ಇಲಿಗಳನ್ನೂ ತಿಂದು ಮಾಡುವ ಉಪಕಾರವು ಬೆಳೆಗಾರರಿಗೆ ತಿಳಿದದ್ದೇ. ಕಪ್ಪು ರೆಕ್ಕೆಯ ಮೇಲೆ ಹಳದಿಯನ್ನೂ ಮೈಮೇಲೆ ಕೆಂಪನ್ನೂ ಧರಿಸಿ ಹಕ್ಕಿಯಂತೆ ತೇಲುವ ದೊಡ್ಡ ಚಿಟ್ಟೆಯೂ ಈ ಘಟ್ಟದ್ದು; ಕರ್ನಾಟಕದ ರಾಜ್ಯ ಚಿಟ್ಟೆಯೆಂಬ ಗೌರವ ಅದಕ್ಕೆ ಸಂದಿದೆ. ಅದರ ಹುಳು ಈಶ್ವರಿಬಳ್ಳಿಯಂಥ ಕೆಲವೇ ಬಳ್ಳಿಗಿಡಗಳನ್ನು ತಿಂದು ಬೆಳೆಯುವುದರಿಂದ, ಬಳ್ಳಿಯನ್ನು ಸವರಿದಲ್ಲಿ ಚಿಟ್ಟೆಯೂ ಇಲ್ಲ. ಕಾಟಿ ಕಡವೆಗಳು ಮುಂಜಾನೆ ಸಂಜೆಗಳಲ್ಲಿ ಹುಲ್ಲಿನ ಬೆನ್ನಿಗೆ ಬಂದು ಮೇಯುವುವು. ಮೇಲೆ ಮೇವು ಕರಿಯಾದ ತಿಂಗಳುಗಳಲ್ಲಿ ಅವು ಕೆಳಗೆ ಎಲ್ಲಿಗೆ ಬರುವುವೆಂಬುದನ್ನು ಕಾಡಂಚಿನ ಭೂಮಾಲಿಕರಿಗೆ ಬೇರೆಯವರು ಹೇಳಬೇಕಾಗಿಲ್ಲ.

ಈಗ ಬೆಂಕಿಯ ಮಾತು. ಮಾಘ ಫಾಲ್ಗುಣಗಳಲ್ಲಿ ಘಟ್ಟದ ಗುಡ್ಡಗಳಿಗೆ ಬೆಂಕಿ ಬೀಳುವುದು ತಾನಾಗಿ ಅಲ್ಲ, ಮನುಷ್ಯರ ಕೈಯಿಂದ. ದಾರಿಹೋಕನು ಬಿಸುಟ ಬೀಡಿಯಿಂದಲೋ, ತೋಟದ ಕಸ ಸುಟ್ಟ ಬೆಂಕಿಯು ಕೈಮೀರಿಯೋ ಆಗುವುದು ಒಂದು ಬಗೆ. ಇನ್ನೊಂದು, ಎಳೆಹುಲ್ಲಿನ ಆಸೆಯಿಂದ ದನ ಮೇಯಿಸುವವರು ಬೇಕೆಂದೇ ಹಾಕುವುದು. ಈ ಎರಡನೆಯವರ ಮಾತಿನಲ್ಲಿ ನಿಜಾಂಶವಿಲ್ಲದಿಲ್ಲ. ಸುಟ್ಟ ಗುಡ್ಡದಲ್ಲಿ ಒಂದು ಹದಮಳೆ ಬಿದ್ದರೆ ಕೆಲವೇ ದಿನಗಳಲ್ಲಿ ಹಸುರು ಚಿಗುರುವುದು, ದನವೂ ಅದನ್ನು ಆಸೆಯಿಂದ ಮೇಯುವುದು. ಆದರೆ ಆ ಚಿಗುರಿನ ಬೆಲೆಯನ್ನು ಲೆಕ್ಕ ಹಾಕಿದವರು ಕಡಮೆ. ಒಣಹುಲ್ಲಿನಲ್ಲಿಯೂ ತರಗಿನಲ್ಲಿಯೂ ಇದ್ದ ಸಾರಜನಕವೂ ಗಂಧಕವೂ ಬಹುಪಾಲು ಹೊಗೆಯೊಡನೆ ಗಾಳಿಗೆ ಹೋಗುವುವು. ಬೂದಿಯಾಗಿ ಉಳಿದ ಪೊಟ್ಯಾಷ್ ಸುಣ್ಣಗಳು, ಬೇರು ಹೀರಿಕೊಳ್ಳುವುದಕ್ಕೆ ಮೊದಲೇ, ಮುಂಗಾರಿನ ಮೊದಲನೆಯ ಬಿರುಮಳೆಯಲ್ಲಿ ಇಳಿಜಾರಿನಿಂದ ಕೊಚ್ಚಿಹೋಗುವುವು. ಬೋಳಾದ ಮಣ್ಣಿನ ಮೇಲೆ ಮಳೆಯ ಹನಿ ನೇರವಾಗಿ ಹೊಡೆದು, ಮೇಲುಪದರವು ಗಟ್ಟಿಯಾಗಿ, ನೀರು ಇಂಗದೆ ಹರಿಯುವುದು. ಪದೇಪದೇ ಸುಟ್ಟ ಗುಡ್ಡದಲ್ಲಿ ಮೃದುವಾದ ಹುಲ್ಲುಗಳು ಅಳಿದು, ದನ ಬಾಯಿಕ್ಕದ ಒರಟುಹುಲ್ಲೂ ಜರಿಗಿಡಗಳೂ ಹೆಚ್ಚುವುವು. ಕಾನಿನ ಅಂಚಿನ ಎಳೆಸಸಿಗಳು ಸಾಯುವುದರಿಂದ ವರ್ಷಕ್ಕೆ ಕೆಲವು ಅಡಿಯಂತೆ ಕಾನು ಹಿಂದೆಗೆಯುವುದು. ತೆರವಾದ ಜಾಗಕ್ಕೆ ಲಂಟಾನವೂ, ಕಮ್ಯುನಿಸ್ಟ್ ಗಿಡವೆಂದು ಜನರು ಹೆಸರಿಟ್ಟಿರುವ ಯುಪಟೋರಿಯವೂ ಬಂದು ಕೂಡುವುವು. ಅವುಗಳ ಒಣಕಡ್ಡಿಯು ಮುಂದಿನ ವರ್ಷದ ಬೆಂಕಿಗೆ ಇನ್ನಷ್ಟು ಸೌದೆ. ಹೀಗೆ ಒಂದು ತಿಂಗಳ ಎಳೆಹುಲ್ಲಿಗಾಗಿ ಹನ್ನೊಂದು ತಿಂಗಳ ಮೇವೂ, ಸೊಪ್ಪೂ, ತೋಡಿನ ನೀರೂ ಅಡವಾಗುವುವು.

2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಚಾರ್ಮಾಡಿ ಘಟ್ಟವು ಅನೇಕ ಕಡೆ ಕುಸಿದು ರಸ್ತೆಯು ಬಹುಕಾಲ ಮುಚ್ಚಿದ್ದುದೂ, ಮೂಡಿಗೆರೆ ತಾಲ್ಲೂಕಿನ ಮಲೆಮನೆ ಮಧುಗುಂಡಿಗಳಂಥ ಊರುಗಳಲ್ಲಿ ಮನೆತೋಟಗಳು ಮಣ್ಣಿನ ಪಾಲಾದುದೂ, ಘಟ್ಟದ ಕೆಳಗೆ ಹೊಳೆಗಳು ಮರದ ದಿಮ್ಮಿಗಳನ್ನೂ ಮರಳನ್ನೂ ತಂದು ಅಡಕೆ ತೋಟಗಳಲ್ಲಿ ತುಂಬಿದುದೂ ಇನ್ನೂ ಮರೆತಿರಲಾರದು. ಇದಕ್ಕೆಲ್ಲ ಗುಡ್ಡದ ಬೆಂಕಿಯೇ ಕಾರಣವೆಂದು ಹೇಳುವುದು ನ್ಯಾಯವಲ್ಲ. ಅಂಥ ಅತಿವೃಷ್ಟಿಗೆ ದಟ್ಟವಾದ ಕಾಡಿನ ಇಳಿಜಾರುಗಳೂ ನಿಲ್ಲದೆ ಕುಸಿದುವು. ಆದರೂ ಹೊದಿಕೆಯಿಲ್ಲದ ಮಣ್ಣು ಮಳೆಗೆ ಬೇಗ ಸೋಲುವುದೆಂಬುದರಲ್ಲಿ ಸಂದೇಹವಿಲ್ಲ. ಇಳಿಜಾರನ್ನು ನೆಟ್ಟಗೆ ಕಡಿದು ಮಾಡುವ ದಾರಿ, ನಿವೇಶನಗಳ ವಿಷಯದಲ್ಲಿಯೂ ಇದನ್ನು ನೆನಪಿನಲ್ಲಿಡತಕ್ಕದ್ದು.

ರಕ್ಷಿತಾರಣ್ಯದಲ್ಲಿ ಬೆಂಕಿ ಹಾಕುವುದು 1963ರ ಕರ್ನಾಟಕ ಅರಣ್ಯ ಕಾಯಿದೆಯಂತೆ ಶಿಕ್ಷಾರ್ಹವಾದ ಅಪರಾಧ. ಆದರೆ ಅರಣ್ಯದ ಕಾವಲುಗಾರನೊಬ್ಬನು ಎಷ್ಟು ಗುಡ್ಡಗಳನ್ನು ಕಾಯಬಲ್ಲನು? ಬೆಂಕಿ ಹಾಕುವವನು ಯಾರೆಂಬುದು ಊರಿಗೆ ಗೊತ್ತಿರುತ್ತದೆ. ಅವನ ದನಗಳಿಗೆ ಬೇಸಗೆಯಲ್ಲಿ ಮೇವಿಲ್ಲವೆಂಬುದೂ ಗೊತ್ತಿರುತ್ತದೆ. ಎರಡನ್ನೂ ಬಲ್ಲ ಊರ ಹಿರಿಯರಿಂದಲೇ ಈ ಕೆಲಸ ಆಗತಕ್ಕದ್ದು. ಮೇವಿನ ಏರ್ಪಾಡಾಗದೆ ಬೆಂಕಿಯನ್ನು ಬೈದರೆ ಪ್ರಯೋಜನವಿಲ್ಲ. ಗೋಮಾಳ, ಸೊಪ್ಪಿನಬೆಟ್ಟ, ಕುಮ್ಕಿಗಳ ಹುಲ್ಲನ್ನು ಕಾರ್ತಿಕ ಮಾರ್ಗಶಿರಗಳಲ್ಲಿ, ಇನ್ನೂ ಸ್ವಲ್ಪ ಹಸುರಿರುವಾಗಲೇ, ಕೊಯ್ದು ಒಣಗಿಸಿ ಬಣವೆ ಹಾಕಿದರೆ ಬೇಸಗೆಯ ಮೇವು ಸ್ವಲ್ಪಮಟ್ಟಿಗಾದರೂ ಕೂಡುವುದು. ಮೇವಿಗೆ ಬಾರದ ಒರಟುಹುಲ್ಲು ಕೊಟ್ಟಿಗೆಯಲ್ಲಿ ಹಾಸಾಗಿ ಗೊಬ್ಬರವಾಗುವುದು. ಸುಟ್ಟರೆ ಹೊಗೆಯಾಗಿ ಹೋಗುತ್ತಿದ್ದ ಸಾರವು ಹೀಗೆ ಅಡಕೆಯ ಬುಡವನ್ನು ಸೇರುವುದು. ದನವಿಲ್ಲದ ದೊಡ್ಡ ತೋಟದವರು ತಮ್ಮ ಪಾಲಿನ ಹುಲ್ಲನ್ನು ಕೊಯ್ದುಕೊಂಡು ಹೋಗಲು ನೆರೆಯ ಬಡವರಿಗೆ ಅವಕಾಶ ಕೊಟ್ಟರೆ ಇಬ್ಬರಿಗೂ ಲಾಭ. ಮೇಯುವ ಗುಡ್ಡವನ್ನು ಎರಡು ಮೂರು ಪಾಲು ಮಾಡಿ, ಒಂದನ್ನು ಬಿಟ್ಟು ಒಂದರಲ್ಲಿ ದನ ಬಿಡುವುದೂ ಸಾಧ್ಯ.

ಗುಡ್ಡದ ಬುಡದಲ್ಲಿಯೂ ರಸ್ತೆಯ ಅಂಚಿನಲ್ಲಿಯೂ ಕನಿಷ್ಠ 15 ಅಡಿ ಅಗಲಕ್ಕೆ ಹುಲ್ಲನ್ನು ಸವರಿ ತರಗನ್ನು ಗುಡಿಸಿ ಬೆಂಕಿರೇಖೆಯನ್ನು ಬಿಡಿಸುವುದು ಎರಡನೆಯ ಕೆಲಸ. ಸರ್ಕಾರದ ಅರಣ್ಯಕ್ಕೆ ತಗುಲಿದ ಕಡೆ ಅರಣ್ಯ ಇಲಾಖೆಯವರಿಗೆ ಮೊದಲೇ ತಿಳಿಸಿ, ಗ್ರಾಮ ಅರಣ್ಯ ಸಮಿತಿಯಿರುವಲ್ಲಿ ಅದರ ಮೂಲಕ ಮಾಡಿಸುವುದು ಮೇಲು. ಸಂಕ್ರಾಂತಿಯೊಳಗೆ ಈ ಕೆಲಸ ಮುಗಿಯಬೇಕು. ಆ ಮೇಲೆ ಕಾಫಿ ಕೊಯ್ಲು, ಅಡಕೆ ಸುಲಿತಗಳ ಗಡಿಬಿಡಿಯಲ್ಲಿ ಆಳು ಸಿಗುವುದಿಲ್ಲ, ಗುಡ್ಡವೂ ಒಣಗಿ ಕಾದಿರುವುದು.

ಗುರಿಗೆ ಅರಳಿ ಮುಗಿದ ಬೇಸಗೆಯಲ್ಲಿ ಈ ವಿಷಯದಲ್ಲಿ ಇಮ್ಮಡಿ ಎಚ್ಚರ ಬೇಕು. ಸತ್ತ ಗಿಡಗಳ ಕಡ್ಡಿಗಳು ಎದೆಯೆತ್ತರಕ್ಕೆ ಒಣಗಿ ನಿಂತಿರುವುದರಿಂದ ಕಿಡಿ ಬಿದ್ದರೆ ಬೆಂಕಿಯು ಹುಲ್ಲಿನ ಬೆಂಕಿಗಿಂತ ಉಗ್ರವಾಗಿರುವುದು. ಅದೇ ಹೊತ್ತಿನಲ್ಲಿ ಕಾಯಿಗಳು ಬಿರಿದು ಬೀಜವು ನೆಲದ ಮೇಲೆ ಚೆಲ್ಲಿರುವುದು. ಆ ವರ್ಷ ಗುಡ್ಡ ಸುಟ್ಟರೆ ಹಲವು ವರ್ಷಗಳ ಗಳಿಕೆಯೆಲ್ಲ ಒಂದೇ ಮಧ್ಯಾಹ್ನದಲ್ಲಿ ಹೋಗುವುದು. ತಮ್ಮ ಊರಿನ ಗುಡ್ಡದಲ್ಲಿ ಗುರಿಗೆ ಯಾವ ವರ್ಷ ಅರಳಿತೆಂಬುದನ್ನು ಹಿರಿಯರು ಬರೆದಿಟ್ಟುಕೊಂಡು, ಮರುವರ್ಷದ ಸಂಕ್ರಾಂತಿಗೆ ಮುಂಚೆ ರೇಖೆಯನ್ನು ಎಂದಿಗಿಂತ ಅಗಲವಾಗಿ ಬಿಡಿಸತಕ್ಕದ್ದು. ಒಣಕಡ್ಡಿಗಳನ್ನು ಬೇಲಿಗೂ ತಡಿಕೆಗೂ ಒಯ್ಯಬೇಕಾದವರು, ಬೀಜ ಉದುರಿದ ಮೇಲೆ, ಬುಡಸಹಿತ ಕೀಳದೆ ಕತ್ತಿಯಿಂದ ಸವರಿ ಒಯ್ಯಬಹುದು.